ದರ ಟವೆಲ್ ಕೆಳಗ, ಐಬು ಟವೆಲ್ ಮ್ಯಾಲ

ಎರಡಕ್ಷರದ ಒಂದು ಶಬ್ದವನ್ನು ಬಾಯಿಂದ ಹೊರಗೆ ಹಾಕಲು ನನಗೆ ಐವತ್ತೆಂಟು ಸಾವಿರ ರೂಪಾಯಿ ಬಿತ್ತು. ಕೇಳಿದ್ದು ಎಂಬತ್ತು, ಐವತ್ತೆಂಟಕ್ಕೆ ಇಳಿಸಿದವನು ನಾನೇ. ಆ ಶಬ್ದ ‘ಐಬು’. ದನಕ್ಕಾಗಲಿ, ಸಾಮಾನಿಗಾಗಲಿ, ಮನುಷ್ಯನಿಗಾಗಲಿ ಇರುವ ಕೊರತೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಇಷ್ಟು ತುಟ್ಟಿ ಯಾಕಾಯಿತೆಂದರೆ, ಪುಕ್ಕಟೆ ಹೇಳಬಹುದಾಗಿದ್ದ ದಿನ ನಾನು ಮುಚ್ಚಿಟ್ಟೆ. ಹೇಳಿದ ದಿನ ನನ್ನ ಕೈ ಇನ್ನೊಬ್ಬರ ಕೈಯಲ್ಲಿ ಸಿಕ್ಕಿಬಿದ್ದಿತ್ತು.

ಆ ಇನ್ನೊಂದು ಕೈ ಹೇಗಿತ್ತೆಂದು ಮೊದಲು ಹೇಳಿಬಿಡುತ್ತೇನೆ. ಬಲಗೈ. ಅಂಗೈ ಎಮ್ಮೆಯ ನಾಲಿಗೆಯಷ್ಟು ಒರಟು. ಹೆಬ್ಬೆರಳಿನಿಂದ ಉಂಗುರದ ಬೆರಳಿನ ತನಕ ನಾಲ್ಕೂ ಪೂರ್ತಿ, ಕಿರುಬೆರಳು ಮಾತ್ರ ಅರ್ಧ. ಉಳಿದರ್ಧವನ್ನು ಯಾವುದೋ ಕಾಲದಲ್ಲಿ ಮೇವು ಕತ್ತರಿಸುವ ಯಂತ್ರ ತಿಂದಿತ್ತು. ಮೊಂಡಾದ ತುದಿ ಹುಣಸೆ ಬೀಜದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಕಡೆಯ ದನದ ಸಂತೆಯಲ್ಲಿ ಆ ಕೈಯ ಮೇಲೆ ನೀಲಿ ಚೌಕಳಿಯ ಟವೆಲ್ ಬಿದ್ದಿತೆಂದರೆ ಯಾವುದೋ ಜೋಡಿ ಎತ್ತಿನ ಹಣೆಬರಹ ಅದರ ಕೆಳಗೆ ತೀರ್ಮಾನವಾಗುತ್ತಿದೆ ಎಂದರ್ಥ. ಅವರು ದನದ ದಲಾಲಿ. ಊರೆಲ್ಲ ಚಾಚಾ ಎನ್ನುತ್ತಿತ್ತು, ನಾನೂ ಚಾಚಾ ಎಂದೆ.

ದನದ ಸಂತೆ ನೋಡದವರಿಗಾಗಿ ಒಂದು ಮಾತು. ಅಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಸರದಿಯಂತೆ ಟವೆಲ್ ಕೆಳಗೆ ಕೈ ತೂರಿಸಿ ದಲಾಲಿಯ ಬೆರಳು ಹಿಡಿಯುತ್ತಾರೆ. ಒಂದು ಹಿಡಿದರೆ ಒಂದು, ಮೂರು ಹಿಡಿದರೆ ಮೂರು. ಸಾವಿರದ್ದೋ ಹತ್ತು ಸಾವಿರದ್ದೋ ಎಂಬುದು ದನದ ಮುಖ ನೋಡಿದರೆ ಗೊತ್ತಾಗುತ್ತದೆ. ಸುತ್ತ ನಿಂತವರಿಗೆ ಬಟ್ಟೆ ಅಲುಗಿದ್ದಷ್ಟೇ ಕಾಣಬೇಕು. ಅರ್ಧ ಹೇಳಬೇಕಾದರೆ ಬೇರೆ ದಲಾಲಿಗಳ ಬೆರಳು ಮಡಚಬೇಕಿತ್ತು, ಚಾಚಾನ ಹತ್ತಿರ ಆ ಮೊಂಡ ಬೆರಳೇ ಅರ್ಧ.

“ಹಂಗಾದ್ರ ಪೂರಾ ಐದು ಹೆಂಗ್ ಹೇಳೂದು ಚಾಚಾ?” ಎಂದು ಒಮ್ಮೆ ಕೇಳಿದ್ದೆ.

“ಎಲ್ಡು ಸಲ ಹಿಡೀಬೇಕು. ಒಂದ ಹಿಡಿತಕ್ಕ ನನ್ನ ಕೈಯಾಗ ಇರೂದು ನಾಕೂವರಿ. ಐದಕ್ಕ ಐದು ಅನ್ನೂ ದನ ಅಲ್ಲಾಹ್ ಇನ್ನಾ ಹುಟ್ಟಿಸಿಲ್ಲ. ಮನಶ್ಯಾನ್ನೂ ಹುಟ್ಟಿಸಿಲ್ಲ. ನಿನ್ನಂಥಾವ್ರನ್ನ ನೋಡಿದ್ರ ಮೂರು ದಾಟೂದ ಕಷ್ಟ.”

ನನಗೂ ಅವರಿಗೂ ಗಂಟುಬಿದ್ದದ್ದು ಮಸ್ಕಿ ಸಂತೆಯಲ್ಲಿ. ನನಗಾಗ ಇಪ್ಪತ್ತೆರಡು. ಅಕ್ಕಿ ಗಿರಣಿಗಳಿಂದ ಭತ್ತದ ಹೊಟ್ಟು ತುಂಬಿಕೊಂಡು ಇಟ್ಟಿಗೆ ಭಟ್ಟಿಗಳಿಗೆ ಒಂಟೆತ್ತಿನ ಬಂಡಿಯಲ್ಲಿ ಹೊಡೆಯುತ್ತಿದ್ದೆ. ಸಣ್ಣದೊಂದು ಟೆಂಪೊ ತೆಗೆದುಕೊಳ್ಳುವ ಹುಚ್ಚು ಹತ್ತಿ ಎತ್ತನ್ನು ಮಾರಲು ಒಯ್ದಿದ್ದೆ. ಎತ್ತು ಎತ್ತರದ್ದು, ಬಿಳಿ, ಕೋಡು ನೋಡಿದರೆ ಫೋಟೋ ತೆಗೆಯಬೇಕು ಅನ್ನಿಸುವಂಥದ್ದು. ಒಂದೇ ಒಂದು ಚಟ. ನೀರು ಕಂಡರೆ ಮಲಗುತ್ತಿತ್ತು. ಬಂಡಿ ಹೂಡಿದ್ದರೂ ಸೈ, ಕಾಲುವೆ ದಾಟುವಾಗ ಮಧ್ಯದಲ್ಲಿ ಕೂತುಬಿಡುತ್ತಿತ್ತು.

ಜವಳಗೇರಾದ ರೈತನೊಬ್ಬ ಬಂದು ಎತ್ತಿನ ಹಲ್ಲು ನೋಡಿ, ಬೆನ್ನು ತಟ್ಟಿ, ಮನಸ್ಸು ಮಾಡಿದ. ಚಾಚಾ ಟವೆಲ್ ಬಿಚ್ಚಿದರು. ನಾನು ಕೈ ತೂರಿಸಲು ಹೋದೆ. ಅವರು ಟವೆಲ್ ಎಳೆದುಕೊಂಡರು.

“ಐಬು ಹೇಳು ಮೊದ್ಲ.”

“ಏನೂ ಇಲ್ಲ ಚಾಚಾ. ಬಂಗಾರ ಅಂದ್ರ ಬಂಗಾರ.”

“ಬಂಗಾರ ಮಾರೂ ಬಜಾರ ಆ ಕಡೆ ಐತಿ. ಇದು ದನದ ಬಜಾರ. ಐಬು ಹೇಳು. ದರ ಟವೆಲ್ ಕೆಳಗ, ಐಬು ಟವೆಲ್ ಮ್ಯಾಲ. ನನ್ನ ಕಡೆ ವ್ಯಾಪಾರ ಹಿಂಗ.”

ನಾನು ತಲೆ ತುರಿಸಿಕೊಂಡೆ. ಅವರು ಕಾಯುತ್ತ ನಿಂತರು. ನಿಂತರು ಎನ್ನುವುದೂ ತಪ್ಪು. ಚಾಚಾ ನಿಂತಲ್ಲಿ ನಿಲ್ಲುವ ಜೀವವೇ ಅಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಎತ್ತಿನ ಸುತ್ತ ತಿರುಗುತ್ತ, ಟವೆಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕುತ್ತ ನನ್ನನ್ನು ಸುಸ್ತು ಮಾಡಿದರು. ಕೊನೆಗೆ ಹೇಳಿದೆ. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಜವಳಗೇರಾದವನು ಕೈ ಮುಗಿದ. “ನಮ್ಮ ಹೊಲದಾಗ ಆರು ತಿಂಗ್ಳು ಮಣಕಾಲು ನೀರು ಇರ್ತತಿ ಮಾರಾಯಾ. ನಿನ್ನ ಎತ್ತು ಅಲ್ಲೇ ಮನೀ ಕಟ್ಟತೈತಿ.”

ನನ್ನ ಮುಖ ನೋಡಿ ಚಾಚಾ ಜೋರಾಗಿ ಕೂಗಿದರು, “ನೀರು ಕಂಡ್ರ ಮಲಗೂ ಎತ್ತು, ಯಾರಿಗ್ ಬೇಕು?” ಲಿಂಗಸುಗೂರು ಕಡೆಯ ಮುದುಕನೊಬ್ಬ ಮುಂದೆ ಬಂದ. “ನಮ್ಮ ಕಡೆ ಕುಡಿಯಾಕ ನೀರಿಲ್ಲ, ಮಲಗಾಕ ಎಲ್ಲಿ ಸಿಗತಾವ? ತಾ ಇಲ್ಲಿ.” ಮೊದಲು ಅಂದುಕೊಂಡದ್ದಕ್ಕಿಂತ ಅರ್ಧ ಬೆರಳು ಕಡಿಮೆಗೆ ಎತ್ತು ಹೋಯಿತು. ಆ ಮುದುಕ ಎತ್ತಿನ ಕಾಲು ಸಹ ಎತ್ತಿ ನೋಡಲಿಲ್ಲ.

“ನೋಡಿದೇನು?” ಎಂದರು ಚಾಚಾ. “ಒಂದು ಐಬು ಹೇಳಿದವನ ಹತ್ತು ಮಾತು ನಂಬತಾರ.”

ನಾನು ಮಾತ್ರ ಆ ಅರ್ಧ ಬೆರಳಿನ ಲೆಕ್ಕದಲ್ಲೇ ಇದ್ದೆ. ಈ ಚಾಚಾನಿಗೆ ವ್ಯಾಪಾರ ಬರುವುದಿಲ್ಲ ಎಂದುಕೊಂಡು ಟೆಂಪೊ ಕೊಳ್ಳಲು ಹೋದೆ.

ಆಮೇಲೆ ವರ್ಷಗಳು ಹೋದವು. ನನಗೆ ಎರಡು ಗೋದಾಮು, ಮೂರು ಲಾರಿ ಆದವು. ಊರ ತುಂಬ ಟ್ರ್ಯಾಕ್ಟರ್ ಬಂದವು. ಎತ್ತು ಕೊಳ್ಳುವವರು ಕಡಿಮೆಯಾದಂತೆ ಚಾಚಾನ ಟವೆಲ್ಲಿಗೆ ಕೆಲಸವಿಲ್ಲವಾಯಿತು. ಕೆಲಸ ಹೋಯಿತು, ಚಡಪಡಿಕೆ ಹೋಗಲಿಲ್ಲ. ಬೆಳಿಗ್ಗೆ ನನ್ನ ಗೋದಾಮಿಗೆ ಬಂದು ಕೂಡುವರು, ಚಹಾ ಬರುವುದರೊಳಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗುವರು, ಅಲ್ಲಿಂದ ಯಾವುದೋ ಬಸ್ಸು ಹತ್ತಿ ಮುಕ್ಕುಂದಕ್ಕೆ ಹೋಗಿ ಒಂದು ಎಮ್ಮೆ ನೋಡಿ ಮಧ್ಯಾಹ್ನಕ್ಕೆ ತಿರುಗಿ ಬರುವರು. ಕೂತಾಗಲೂ ಟವೆಲ್ಲನ್ನು ತೊಡೆಯ ಮೇಲೆ ಹಾಸಿ ಅದರ ಕೆಳಗೆ ತಮ್ಮ ಎಡಗೈಯಿಂದ ತಮ್ಮ ಬಲಗೈ ಬೆರಳು ಹಿಡಿದು ಬಿಡುತ್ತಿದ್ದರು.

“ಯಾರ ಕೂಡ ವ್ಯಾಪಾರ ಚಾಚಾ?” ಎಂದರೆ, “ನನ್ನ ಕೂಡ. ದರ ಕೂಡವಲ್ದು,” ಎನ್ನುತ್ತಿದ್ದರು.

ಅವರಿಗೆ ಊರಿನ ಪ್ರತಿಯೊಂದು ಎತ್ತೂ ಅದರ ಐಬಿನಿಂದಲೇ ನೆನಪಿರುತ್ತಿತ್ತು. ಮನುಷ್ಯರೂ ಹಾಗೇ. ಒಬ್ಬನನ್ನು ‘ಕೇಳಿದ್ದು ಮರೆಯೋನು’ ಎನ್ನುವರು, ಇನ್ನೊಬ್ಬನನ್ನು ‘ನಗೂ ಮುಂದ ಬಾಯಿ ಮುಚ್ಚೋನು’ ಎನ್ನುವರು. ನನ್ನನ್ನು ‘ಲೇ ಹೊಟ್ಟು’ ಎಂದು ಕರೆಯುತ್ತಿದ್ದರು. ದಂಧೆಯ ಹೆಸರು ಎಂದು ನಾನು ತಿಳಿದಿದ್ದೆ. ಹಗುರ, ಗಾಳಿ ಬಂದ ಕಡೆ ಹಾರುವವನು ಎಂಬ ಅರ್ಥವೂ ಅದರಲ್ಲಿತ್ತು ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು.

ಈಗ ಬಿಯರಿನ ಮಾತು. ಸಿಂಧನೂರಿನ ಹೊರಗೆ, ಮಸ್ಕಿ ರಸ್ತೆಯಲ್ಲಿ, ಅಕ್ಕಿ ಗಿರಣಿಯ ಸಾವಕಾರರೊಬ್ಬರು ಹೋಟೆಲ್ ಕಟ್ಟಿದರು. ಹಿಂದುಗಡೆ ತಾಮ್ರದ ಹಂಡೆ, ಸ್ಟೀಲಿನ ತೊಟ್ಟಿ ಕೂಡಿಸಿ ಅಲ್ಲೇ ಬಿಯರ್ ಇಳಿಸಲು ಶುರುಮಾಡಿದರು. ಊರು ಅದಕ್ಕೆ ‘ಬಿಯರ್ ಗಿರಣಿ’ ಎಂದು ಹೆಸರಿಟ್ಟಿತು. ಇಳಿಸುವವಳು ಮಸ್ಕಿಯ ಹುಡುಗಿ. ಧಾರವಾಡದಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿ, ದೊಡ್ಡ ಊರುಗಳಲ್ಲಿ ನಾಲ್ಕು ವರ್ಷ ಈ ಕೆಲಸ ಕಲಿತು, ತನ್ನದೇ ಸೀಮೆಯ ನೀರಿನಲ್ಲಿ ಬಿಯರ್ ಇಳಿಸಬೇಕೆಂದು ತಿರುಗಿ ಬಂದವಳು.

ಒಂದು ದಿನ ಅವಳು ನನ್ನ ಗೋದಾಮಿಗೆ ಬಂದು ಹೊಟ್ಟು ಕೇಳಿದಾಗ ನಾನು ನಕ್ಕುಬಿಟ್ಟೆ. ಅವಳು ಹೇಳಿದ್ದು ಇಷ್ಟು. ಜರ್ಮನಿಯ ಪದ್ಧತಿಯಲ್ಲಿ ಗೋಧಿ ಹಾಕಿ ಒಂದು ಬಿಯರ್ ಮಾಡುತ್ತಾರೆ. ಗೋಧಿಗೆ ಸಿಪ್ಪೆಯ ಹೊಟ್ಟಿಲ್ಲ, ಬಿಸಿನೀರಿನಲ್ಲಿ ಅಂಬಲಿಯ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ, ರಸ ಕೆಳಗಿಳಿಯುವುದಿಲ್ಲ. ಒಂದಿಷ್ಟು ಭತ್ತದ ಹೊಟ್ಟು ಬೆರೆಸಿದರೆ ಸಂದು ಬಿಟ್ಟು ರಸ ಸೋಸಿ ಬರುತ್ತದೆ. ಹೊಟ್ಟಿಗೆ ತನ್ನದೇ ರುಚಿ ಇರಬಾರದು, ವಾಸನೆ ಇರಬಾರದು. ಅಂದರೆ ಹೊಸದಿರಬೇಕು, ಒಣಗಿರಬೇಕು.

ಇಟ್ಟಿಗೆ ಭಟ್ಟಿಯವರಿಗೆ ಕೊಡುವ ದರಕ್ಕಿಂತ ಮೂರು ಪಟ್ಟು ಹೇಳಿದೆ. ಅವಳು ಎರಡು ಪಟ್ಟಿಗೆ ತಂದಳು. ಆಗಲೇ ಹುಡುಗಿಯ ಮೇಲೆ ಮರ್ಯಾದೆ ಬಂತು.

ಕಾಲುವೆಗೆ ನೀರು ಬಿಡುವ ದಿನಗಳಲ್ಲಿ ಮಾತ್ರ ಆ ಗೋಧಿ ಬಿಯರ್ ಇಳಿಸುವುದೆಂದು ಅವಳು ಗೊತ್ತುಮಾಡಿದಳು. ಊರಿಗೆ ಹುರುಪು ಬರುವ ಕಾಲ ಅದೇ ತಾನೆ. ಆದರೆ ಮೊದಲ ವರ್ಷವೇ ಎಡವಟ್ಟಾಯಿತು. ಗ್ಲಾಸು ಮೇಜಿಗೆ ಬಂದಾಗ ಬಿಯರ್ ಕದಡಿತ್ತು, ಮಣ್ಣು ಬಣ್ಣದ್ದು, ಥೇಟ್ ಕಾಲುವೆಯ ಹೊಸ ನೀರು. ನಮ್ಮ ಮೇಜಿನಲ್ಲಿ ಬೀಜದ ಅಂಗಡಿಯವನಿದ್ದ. ದನಿ ದೊಡ್ಡದು, ಸಾಲ ಕೊಡುವ ಕೈ ದೊಡ್ಡದು, ಹಾಗಾಗಿ ಅವನು ಮೊದಲು ಏನೆಂದರೆ ಉಳಿದವರೂ ಅದನ್ನೇ ಎನ್ನುತ್ತಿದ್ದರು.

“ಏನ್ ಮೇಡಂ, ಹಂಡೇಕ ಕಾಲುವಿಯಿಂದ ಪಂಪ್ ಹಚ್ಚೀರೇನು?”

ಕಾಲೇಜಿನ ಉಪನ್ಯಾಸಕರೊಬ್ಬರು ನಮ್ಮೊಡನೆ ಕೂಡುತ್ತಿದ್ದರು, ಬಿಯರಿನ ಬಗ್ಗೆ ಫೋನಿನಲ್ಲಿ ಓದಿಕೊಂಡು ಬರುವವರು. “ಇದು ಕದಡಿರಬೇಕ್ರೀ. ಬಾಳೆಹಣ್ಣಿನ ವಾಸನಿ, ಲವಂಗದ ವಾಸನಿ ಬರ್ಬೇಕು. ಇದ್ರ ಲಕ್ಷಣನ ಅದು.”

“ಬಾಳೆಹಣ್ಣು ಬೇಕಂದ್ರ ಬಸ್ ಸ್ಟ್ಯಾಂಡಿನಾಗ ಡಜನ್ ಸಿಗತಾವ್ರೀ ಸರ್. ಮೇಡಂ, ಒಂದು ಚೂರು ಫಟಕಡಿ ತಿರಿವಿ ಬಿಡ್ರಿ, ತಿಳಿ ಆಗತೈತಿ.”

ಕಾಲುವೆ ನೀರನ್ನು ಫಟಕಡಿ ಹಾಕಿ ತಿಳಿಗೊಳಿಸಿ ಕುಡಿದು ಬೆಳೆದವರು ನಾವು. ಕದಡಿದ್ದೆಲ್ಲ ಹೊಲಸು ಎಂಬುದು ನಮ್ಮ ರಕ್ತದಲ್ಲಿದೆ. ಮಂದಿ ಗ್ಲಾಸನ್ನು ಅರ್ಧ ತಾಸು ಮುಟ್ಟದೆ ಇಟ್ಟು, ಮೇಲಿನದು ಕುಡಿದು, ತಳದ್ದನ್ನು ಚೆಲ್ಲಿ ಎದ್ದರು. ರುಚಿ ಇದ್ದದ್ದೇ ತಳದಲ್ಲಿ. ಬಿಯರ್ ಉಳಿಯಿತು, ಹುಡುಗಿ ಅದನ್ನು ಮೋರಿಗೆ ಬಿಟ್ಟಳು. ಸಾವಕಾರರು ಹೇಳಿಬಿಟ್ಟರು: ಮುಂದಿನ ವರ್ಷ ಇನ್ನೊಂದು ಸಲ ನೋಡೋಣ, ಆಗಲೂ ಮಂದಿ ಮೂಗು ಮುರಿದರೆ ಗೋಧಿ ಬಂದ್. ಸಾದಾ ಬಿಯರಿಗೆ ನೀನೇ ಬೇಕಂತಿಲ್ಲ, ಹೈದರಾಬಾದಿನಿಂದ ಯಾರನ್ನಾದರೂ ಕರೆಸುತ್ತೇನೆ.

ಮರುವರ್ಷ ಹೊಟ್ಟಿನ ಸಲುವಾಗಿ ಬಂದವಳು ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು, “ಅಣ್ಣಾ, ಆ ಬೀಜದ ಅಂಗಡಿಯವರು ಬಾಯಿ ತೆಗದ್ರ ಮುಗೀತು. ಎಲ್ಲಾರ ನಾಲಿಗೀನೂ ಅವರ ಬಾಯಾಗ ಐತಿ. ಒಬ್ಬೊಬ್ಬರ್ದು ಬ್ಯಾರೆ ಬ್ಯಾರೆ ತಿಳಕೊಳ್ಳೂದು ಹೆಂಗ?”

ಮೂಲೆಯಲ್ಲಿ ಚಾಚಾ ಟವೆಲ್ ಕೆಳಗೆ ಬೆರಳಾಡಿಸುತ್ತ ಕೂತಿದ್ದರು. ನಾನು ಅವರನ್ನೇ ನೋಡಿದೆ. ರುಚಿ ನೋಡಿದವರು ಒಬ್ಬೊಬ್ಬರಾಗಿ ಚಾಚಾನ ಟವೆಲ್ ಕೆಳಗೆ ಬೆರಳು ಹಿಡಿದು ಅಂಕ ಕೊಡಲಿ ಎಂದೆ. ಬುದ್ಧಿ ನನ್ನದೇ, ಹೇಳಿಕೊಳ್ಳುತ್ತೇನೆ.

“ನಕ್ಕೋ, ನಕ್ಕೋ,” ಎಂದು ಚಾಚಾ ಎದ್ದೇಬಿಟ್ಟರು. “ಬ್ಯಾಡಪಾ. ಶೆರೆ ಕುಡ್ಯಾ ಜಾಗಾದಾಗ ನಾ ಕೂಡಾಂವಲ್ಲ.”

ಹುಡುಗಿ ಅವರ ಹಿಂದೆಯೇ ಬೀದಿಗೆ ಹೋದಳು. “ಚಾಚಾ, ನಿಮ್ಮ ಕೈಯಾಗ ಗ್ಲಾಸು ಕೊಡಾಕ ಬಂದಿಲ್ಲ. ನನ್ನ ನ್ಯಾಯ ಕೊಡಾಕ ಬಂದೀನಿ. ನಮ್ಮಜ್ಜ ಮಸ್ಕ್ಯಾಗ ನಿಮ್ಮ ಕಡೇನ ಎತ್ತು ಮಾರ್ತಿದ್ದ.” ಅಜ್ಜನ ಹೆಸರು ಹೇಳಿದಳು.

ಚಾಚಾ ನಿಂತರು. “ಎಡಗಡೀ ಎತ್ತು ನೀರು ಕುಡಿಯೂ ಮುಂದ ಕಾಲು ಕೆರೀತಿತ್ತು. ನಿಮ್ಮಜ್ಜ ನಾ ಕೇಳೂಕಿನ ಮೊದಲ ಹೇಳಿದ್ದ.” ಎರಡು ಹೆಜ್ಜೆ ನಡೆದರು, ತಿರುಗಿ ಬಂದರು. “ಗೇಟಿನ ಹೊರಗ ಬೇವಿನ ಗಿಡ ಐತಲ್ಲ ಬೇಟಿ, ಅದರ ಬುಡಕ ಕೂಡ್ತೀನಿ. ಒಳಗ ಬರಂಗಿಲ್ಲ. ಒಬ್ಬೊಬ್ಬರ ಬರ್ಲಿ. ಯಾರು ಎಷ್ಟು ಹಿಡದ್ರು ಅಂತ ನಾ ಸತ್ರೂ ಹೇಳಾಂಗಿಲ್ಲ. ಕೂಡಿಸಿದ ಲೆಕ್ಕ ಅಷ್ಟ ಹೇಳ್ತೀನಿ.”

ಸಾವಕಾರರು ಒಪ್ಪಿದರು. ರುಚಿ ನೋಡುವವರು ಆರು ಜನ, ನಾನೂ ಒಬ್ಬ. ತಲೆಗೆ ಮೂರು ಬೆರಳಿನಂತೆ ಹದಿನೆಂಟು ಬಂದರೆ ಗೋಧಿ ಉಳಿಯುತ್ತದೆ, ಹುಡುಗಿಯೂ ಉಳಿಯುತ್ತಾಳೆ.

ಇಲ್ಲಿಗೆ ನನ್ನ ಐಬು. ಅವಳು ಆ ಸಲ ಹತ್ತು ದಿನದ ಅಂತರದಲ್ಲಿ ಎರಡು ತೊಟ್ಟಿ ಇಳಿಸಿದಳು. ಮೊದಲ ತೊಟ್ಟಿಗೆ ಹೊಟ್ಟು ಕಳಿಸುವ ದಿನ ಅಕ್ಕಿ ಗಿರಣಿ ಕೆಟ್ಟು ನಿಂತಿತ್ತು. ಗೋದಾಮಿನ ಮೂಲೆಯಲ್ಲಿ ಹಳೆಯ ಹೊಟ್ಟಿತ್ತು, ತಗಡು ಸೋರಿ ಒಮ್ಮೆ ತೊಯ್ದು ಮತ್ತೆ ಒಣಗಿದ್ದು. ಹೊಸದರ ನಡುವೆ ಅದರ ಎರಡು ಚೀಲ ಸೇರಿಸಿದೆ. ಚೀಲ ಇಳಿಸುವಾಗ ಅವಳು ಕೇಳಿದಳು, “ಎಲ್ಲಾ ಹೊಸಾದನ ಅಣ್ಣಾ?” ನಾನು ಅಂದೆ, “ಹೊಸಾದವ್ವಾ. ನಿನಗ ಹಳೇದು ಕೊಡ್ತೀನೇನು?” ಅವಳು ಬಿಸಿನೀರಿನಲ್ಲಿ ತೊಳೆದೇ ಬಳಸಿದಳು. ಬೂಷ್ಟಿನ ವಾಸನೆ ತೊಳೆದರೆ ಹೋಗುವಂಥದ್ದಲ್ಲ ಎಂದು ಇಪ್ಪತ್ತು ವರ್ಷ ಹೊಟ್ಟು ಮಾರಿದವನಿಗೆ ಗೊತ್ತಿರಲಿಲ್ಲವೆಂದಲ್ಲ. ಎರಡೇ ಚೀಲ, ಏನಾದೀತು ಎಂದುಕೊಂಡೆ.

ರುಚಿ ನೋಡುವ ದಿನ ಸಂಜೆ ನಾಲ್ಕಕ್ಕೆ ಬೇವಿನ ಮರದ ಕೆಳಗೆ ಚಾಚಾ ಟವೆಲ್ ಹಾಸಿ ಕೂತರು. ಒಳಗೆ ನಾನು ಒಂದು ಗುಟುಕು ಕುಡಿದೆ. ಬಾಳೆಹಣ್ಣು ಬಂತು, ಲವಂಗವೂ ಬಂತು, ಅವುಗಳ ಹಿಂದೆಯೇ ಮಳೆಗಾಲದ ಗೋಣಿಚೀಲದ ವಾಸನೆ ಬಂತು. ನನ್ನ ಗೋದಾಮಿನ ಮೂಲೆ ಗ್ಲಾಸಿನೊಳಗೆ ಬಂದು ಕೂತಿತ್ತು. ಉಪನ್ಯಾಸಕರು ಎರಡು ಸಲ ಮೂಸಿ, ಫೋನ್ ತೆಗೆದು, ಮತ್ತೆ ಒಳಗಿಟ್ಟರು. ಬೀಜದ ಅಂಗಡಿಯವನಿಗೆ ಮಾತಾಡಬಾರದೆಂದು ಸಾವಕಾರರ ತಾಕೀತು ಇತ್ತು, ಹೊಟ್ಟೆ ನೋವು ಬಂದವರ ಹಾಗೆ ತುಟಿ ಬಿಗಿಹಿಡಿದು ಕೂತಿದ್ದ. ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋಗಿ ಬಂದರು. ನನಗೆ ಕೂಡಲಾಗಲಿಲ್ಲ. ಕಿಟಕಿಗೆ ಹೋದೆ, ಕೈ ತೊಳೆದೆ, ಮತ್ತೆ ತೊಳೆದೆ. ಹುಡುಗಿ ಗೇಟಿನ ಹತ್ತಿರ ನಿಂತು ಮರದ ಕಡೆ ನೋಡದೆ ರಸ್ತೆಯಲ್ಲಿ ಹೋಗುವ ಭತ್ತದ ಲಾರಿಗಳನ್ನು ನೋಡುತ್ತಿದ್ದಳು.

ಕೊನೆಯವನು ನಾನು. ಟವೆಲ್ ಕೆಳಗೆ ಕೈ ಹಾಕಿ ನಾಲ್ಕೂ ಬೆರಳು ಒಟ್ಟಿಗೆ ಹಿಡಿದೆ. ನಾಲ್ಕು ಕೊಟ್ಟರೆ ಹುಡುಗಿಗೂ ಒಳ್ಳೆಯದು, ನನಗೂ ಒಳ್ಳೆಯದು ಎಂಬ ಲೆಕ್ಕ. ಬಿಡಿಸಿಕೊಳ್ಳಲು ಹೋದೆ. ಅವರು ಬಿಡಲಿಲ್ಲ. ಆ ಒರಟು ಕೈ ನನ್ನ ಕೈಯ ಸುತ್ತ ಮುಚ್ಚಿಕೊಂಡಿತು.

“ಲೇ ಹೊಟ್ಟು,” ಎಂದರು ಮೆಲ್ಲಗೆ, “ಇವು ಕೊಳ್ಳಾಕ ಬಂದವನ ಬೆರಳಲ್ಲ. ಮಾರಾಕ ಬಂದವನ ಬೆರಳು.”

“ಹಂಗೇನಿಲ್ಲ ಚಾಚಾ.”

“ಕೊಳ್ಳಾಂವ ಹಗೂರ ಹಿಡೀತಾನ. ಬಿಟ್ಟು ಹೋಗಾಕ ದಾರಿ ಇಟ್ಟಕೊಂಡಿರ್ತಾನ. ನೀ ನನ್ನ ಬೆರಳು ಮುರಿಯಾಕತ್ತೀದಿ. ಏನ್ ಮಾರಾಕತ್ತೀದಿ ನೀ ಇಲ್ಲಿ?”

ನಾನು ಹುಡುಗಿಯ ಕಡೆ ನೋಡಿದೆ. ಚಾಚಾ ಮುಂದುವರಿಸಿದರು, “ಅವ್ರು ಎಷ್ಟು ಹಿಡದ್ರು ಅಂತ ನಾ ಹೇಳಾಂಗಿಲ್ಲ. ಆದ್ರ ಐದೂ ಮಂದಿ ಮೂಗು ಒರಸ್ಕೊಂತ ಬಂದಾರ. ರುಚಿ ಹಿಡಿಸಲಿಲ್ಲಂದ್ರ ಬಾಯಿ ಒರಸ್ಕೊಂತಾರ. ಮೂಗು ಯಾಕ ಒರಸ್ಕೊಂಡ್ರು? ಆ ಮಗಳು ಏನರ ತಪ್ಪು ಮಾಡ್ಯಾಳೇನು?”

“ಇಲ್ಲ,” ಎಂದೆ. “ಹೊಟ್ಟು ತೊಯ್ದದ್ದಿತ್ತು. ಎರಡು ಚೀಲ. ಆಮ್ಯಾಲೆ ಆಕಿಗೆ ಒಬ್ಬಾಕಿಗೇ ಹೇಳ್ತೀನಿ ಚಾಚಾ. ಇಲ್ಲಿ ಎಲ್ಲಾರ ಮುಂದ ಹೇಳಿದ್ರ ನನ್ನ ಹೆಸರು ಹೋಗ್ತತಿ.”

“ದರ ಟವೆಲ್ ಕೆಳಗ,” ಎಂದರು. ಮುಂದಿನ ಅರ್ಧ ಹೇಳಲಿಲ್ಲ. ಕೈಯನ್ನೂ ಬಿಡಲಿಲ್ಲ. ಮೊಂಡ ಬೆರಳು ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. ಜನ್ಮದಲ್ಲಿ ಒಂದು ಗಳಿಗೆ ಒಂದೆಡೆ ನಿಲ್ಲದ ಮನುಷ್ಯ ಅಂದು ಕಲ್ಲಿನ ಹಾಗೆ ಕೂತಿದ್ದರು. ಚಡಪಡಿಕೆಯೆಲ್ಲ ನನ್ನ ಮೈಗೆ ಬಂದಿತ್ತು.

ಒಳಗಿನವರೆಲ್ಲ ಲೆಕ್ಕ ಕೇಳಲು ಗೇಟಿಗೆ ಬಂದರು. ಚಾಚಾ ಹೇಳಿದರು, “ಹನ್ನೊಂದೂವರಿ.” ಸಾವಕಾರರು ಹುಡುಗಿಯ ಕಡೆ ತಿರುಗಿದರು. ಅವಳು ತಲೆಯಾಡಿಸಿ, ಸೊಂಟಕ್ಕೆ ಕಟ್ಟಿದ್ದ ಕೆಲಸದ ಬಟ್ಟೆಯ ಗಂಟು ಬಿಚ್ಚಲು ಕೈ ಹಿಂದೆ ಒಯ್ದಳು.

ಆಗ ನಾನಂದೆ. “ಐಬು ಐತಿ. ಅದು ಆಕೀದಲ್ಲ, ನಂದು. ಹೊಟ್ಟಿನಾಗ ಎರಡು ಚೀಲ ತೊಯ್ದದ್ದು ಬೆರಸಿದ್ದೆ. ಹೊಸಾದು ಅಂತ ಸುಳ್ಳು ಹೇಳಿ ಕೊಟ್ಟೆ.”

“ಹಾಂ! ಅದಕ್ಕ ನಂಗ ಗೋಣಿಚೀಲ ನೆಕ್ಕಿದಂಗ ಆಗಿದ್ದು!” ಎಂದು ಬೀಜದ ಅಂಗಡಿಯವನು ಒಂದು ತಾಸಿನಿಂದ ಕಟ್ಟಿಟ್ಟ ಬಾಯಿಯನ್ನು ಬಿಟ್ಟ. ಸಾವಕಾರರು ತೊಟ್ಟಿಯ ಖರ್ಚು ಎಂಬತ್ತು ಸಾವಿರ ಅಂದರು. ನಾನು ಅಲ್ಲೇ, ಆ ಅವಮಾನದಲ್ಲೇ, ಮಾಲಿನ ಖರ್ಚಷ್ಟೇ ಕೊಡುವೆ, ಲಾ‍ಭ ಕೊಡುವುದಿಲ್ಲ ಎಂದು ಐವತ್ತೆಂಟಕ್ಕೆ ತಂದೆ. ಚಾಚಾ ಟವೆಲ್ ಕೊಡವಿದರು. “ಸುಳ್ಳಿಗೂ ಚೌಕಾಸಿ ಮಾಡ್ತೀಯಲೋ, ಹೊಟ್ಟು!”

ಹುಡುಗಿ ಬೈಯಲಿಲ್ಲ. “ನಾ ಕೇಳಿದ್ನಲ್ಲ ಅಣ್ಣಾ,” ಅಂದಳು. “ಚೀಲದ ಮುಂದ ನಿಂತು ಕೇಳಿದ್ನಲ್ಲ.” ಐವತ್ತೆಂಟು ಸಾವಿರ ಒಂದು ಹಂಗಾಮಿನಲ್ಲಿ ತಿರುಗಿ ಬಂತು. ಆ ಮಾತು ಮಾತ್ರ ಇನ್ನೂ ಇಲ್ಲೇ ಇದೆ.

ಆಮೇಲೆ ಅವಳೇ ಕೇಳಿದಳು, “ಎರಡನೇ ತೊಟ್ಟ್ಯಾಗೂ ಹಂಗ ಐತೇನು?”

“ಇಲ್ಲ. ಅದು ಗಿರಣಿಯಿಂದ ಸೀದಾ ಬಂದದ್ದು.”

“ಹೆಂಗ ನಂಬ್ಲಿ?”

ಚಾಚಾ ಎದ್ದು ನಿಂತು ಹೇಳಿದರು, “ಈಗ ನಂಬು ಬೇಟಿ. ನಿನ್ನೆ ನಂಬಬಾರದಿತ್ತು. ಐಬು ಹೇಳ್ಯಾನ ನೋಡು, ಇವತ್ತ ನಂಬು.”

ಸಾವಕಾರರು ಹತ್ತು ದಿನ ತಡೆಯಲು ಒಪ್ಪಿದರು. ಆ ಹತ್ತು ದಿನ ನಾನು ಹೇಗೆ ಕಳೆದೆನೋ. ಗೋದಾಮಿನ ಹಳೆಯ ಹೊಟ್ಟನ್ನೆಲ್ಲ ಭಟ್ಟಿಗೆ ಹೊಡೆಸಿದೆ, ತಗಡು ಬದಲಿಸಿದೆ, ಬೆಳಿಗ್ಗೆ ಎದ್ದರೆ ಕಾಲು ತಾನಾಗಿ ಮಸ್ಕಿ ರಸ್ತೆಗೆ ಹೋಗುತ್ತಿತ್ತು, ಗೇಟಿನ ತನಕ ಹೋಗಿ ತಿರುಗುತ್ತಿತ್ತು. ಎರಡನೆಯ ಸಲ ಬೇವಿನ ಮರದ ಕೆಳಗೆ ನನ್ನ ಸರದಿಗೆ ಹೋದರೆ ಚಾಚಾ ಕೈ ಅಡ್ಡ ಹಿಡಿದರು. “ನೀ ಬ್ಯಾಡ. ನೀ ಮಾರಾಂವ. ಆ ಕಡೆ ನಿಂದ್ರು.” ನಿಂತೆ. ಐದು ಜನ, ತಲೆಗೆ ಮೂರರಂತೆ ಹದಿನೈದು ಬೇಕು.

ಕೊನೆಯವನು ಬಂದು ಹೋದ ಮೇಲೆ ಚಾಚಾ ಟವೆಲ್ಲನ್ನು ನಿಧಾನವಾಗಿ ಮಡಚಿ ಹೆಗಲಿಗೆ ಹಾಕಿಕೊಂಡರು. “ಹದಿನೇಳೂವರಿ.”

ಹುಡುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಚಾಚಾನ ಕೈಗೆ ಒಂದು ಲೋಟ ಚಹಾ ಕೊಟ್ಟಳು. ಮುಖ ತೊಳೆದುಕೊಂಡು ಬಂದಿದ್ದಳು. ಬೀಜದ ಅಂಗಡಿಯವನು ಒಳಗೆ ಗ್ಲಾಸನ್ನು ತಳದ ತನಕ ಎತ್ತಿ ಕುಡಿಯುತ್ತಿದ್ದ. “ಏನ್ರೀ, ಕಾಲುವಿ ನೀರು ಅಂತಿದ್ರಲ್ಲ?” ಎಂದು ಉಪನ್ಯಾಸಕರು ಕಾಲೆಳೆದರು. “ಕಾಲುವಿ ನೀರು ಅಂದೀನಿ ಸರ್, ಕೆಟ್ಟದ್ದು ಅಂದೀನೇನು? ಕಾಲುವಿ ನೀರಿಲ್ದ ಈ ಊರಾಗ ಯಾರು ಬದುಕ್ಯಾರ?” ಆವತ್ತಿನಿಂದ ಆ ಬಿಯರಿಗೆ ‘ಹೊಸ ನೀರು’ ಎಂದೇ ಹೆಸರು. ಅವನು ಎಷ್ಟು ಬೆರಳು ಹಿಡಿದಿದ್ದ ಎಂದು ಚಾಚಾರನ್ನು ಹತ್ತು ಸಲ ಕೇಳಿದ್ದೇನೆ. ಹತ್ತೂ ಸಲ ಅವರು ಎದ್ದು ಬಸ್ ಸ್ಟ್ಯಾಂಡಿಗೆ ಹೋದರು.

ಮುಂದಿನ ಹಂಗಾಮಿಗೆ ಕಾಲುವೆಗೆ ನೀರು ಬಿಡುವ ಮೊದಲೇ ಚಾಚಾ ಹಾಸಿಗೆ ಹಿಡಿದರು. ನೋಡಲು ಹೋದಾಗ ಅವರ ಸೊಸೆ ಬಾಗಿಲಲ್ಲೇ ಹೇಳಿದಳು, “ಮುಂಜಾನಿಂದ ಹಿಂಗ ಬೆರಳಾಡಸಾಕತ್ತಾರ್ರೀ ಅಣ್ಣಾ. ಯಾವ ಎತ್ತಿನ ವ್ಯಾಪಾರೋ ಏನೋ.” ಹೊದಿಕೆಯ ಕೆಳಗೆ ಕೈ ಅಲುಗುತ್ತಿತ್ತು. ಕಣ್ಣು ಮುಚ್ಚಿತ್ತು. ನಾನು ಪಕ್ಕದಲ್ಲಿ ಕೂತು ಹೊದಿಕೆಯ ಕೆಳಗೆ ಕೈ ತೂರಿಸಿದೆ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ನನ್ನ ಬೆರಳು ಹಿಡಿದರು. ತಡವಿದರು, ಎಣಿಸಿದರು, ಒಂದನ್ನು ಬಿಟ್ಟರು, ಒಂದನ್ನು ಮಡಚಿದರು. ಆಮೇಲೆ ಹಿಡಿದದ್ದನ್ನು ಹಾಗೇ ಹಿಡಿದುಕೊಂಡು ಸುಮ್ಮನಾದರು. ಹಗುರವಾಗಿ ಹಿಡಿದಿದ್ದರು. ಎರಡು ದಿನಕ್ಕೆ ಹೋದರು.

ಎಷ್ಟು ಹಿಡಿದರು ಎಂದು ಹೇಳುವುದಿಲ್ಲ. ಅದು ಟವೆಲ್ ಕೆಳಗಿನದು.

ಈಗ ಬಿಯರ್ ಗಿರಣಿಯಲ್ಲಿ ಚೀಟಿಯ ಮೇಲೆ ಅಂಕ ಬರೆಸುತ್ತಾರೆ. ಅತಿ ಹೆಚ್ಚು ಎಂದರೆ ನಾಲ್ಕೂವರೆ, ಹುಡುಗಿ ಐದು ಬರೆಯಲು ಬಿಡುವುದಿಲ್ಲ. ಹೊರಗಿನ ಊರಿನಿಂದ ಬಂದವರು ಇದೇನು ಲೆಕ್ಕ ಎಂದು ಕೇಳಿದರೆ ಅವಳು ಬೇವಿನ ಮರ ತೋರಿಸುತ್ತಾಳೆ.

ಓದಿದವರಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ, ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಗೋಧಿ ಬಿಯರ್ ಕುಡಿಯುವವರಾದರೆ ತಳ ಚೆಲ್ಲಬೇಡಿ, ಗ್ಲಾಸನ್ನು ಒಮ್ಮೆ ತಿರುವಿ ಕುಡಿಯಿರಿ. ಹತ್ತು ಜನರ ಅಭಿಪ್ರಾಯ ಬೇಕಾದರೆ ಹತ್ತು ಜನರನ್ನು ಒಟ್ಟಿಗೆ ಕೂಡಿಸಿ ಕೇಳಬೇಡಿ. ಏನನ್ನೇ ಕೊಳ್ಳಲಿ, ದರಕ್ಕಿಂತ ಮೊದಲು ಐಬು ಕೇಳಿ. ಏನೂ ಇಲ್ಲ ಅಂದವನ ಅಂಗಡಿಯಿಂದ ಎದ್ದುಬನ್ನಿ. ಹೊಟ್ಟು ಕೊಳ್ಳುವವರು ಚೀಲದ ಬಾಯಿ ನೋಡಿ ಹೂಂ ಅನ್ನಬೇಡಿ, ಮೊಣಕೈ ತನಕ ಕೈ ಇಳಿಸಿ ನಡುವಿನ ಹಿಡಿ ತೆಗೆದು ಮೂಸಿ. ಒಳಗೆ ಬೆಚ್ಚಗಿದ್ದರೆ, ಗೋಣಿಯ ವಾಸನೆ ಬಂದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ.

ನನ್ನ ಗೋದಾಮಿಗೆ ಬಂದಾಗಲೂ ಹಾಗೇ ಮಾಡಿ.